ಆಯುಧಪೂಜೆಯ ದಿನ, ಎರಡು ನಲವತ್ತಕ್ಕೆ

ಶಕುನ, ಪವಾಡ ಎಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದವನು ನಾನು. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಆನ್‌ಲೈನ್ ಕಲಿಕೆಯ ಪೋರ್ಟಲ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಠ, ಹಾಜರಿ, ಅಸೈನ್‌ಮೆಂಟು ಎಲ್ಲವೂ ನನ್ನ ಕೋಣೆಯ ಒಂದೇ ಸರ್ವರಿನಲ್ಲಿ. ಸುಳ್ಳು ಹೇಳುವವರು ವಿದ್ಯಾರ್ಥಿಗಳು, ಯಂತ್ರವಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು.

ಆ ವರ್ಷ ಅಸೈನ್‌ಮೆಂಟಿನ ಕೊನೆಯ ದಿನವೇ ಆಯುಧಪೂಜೆ ಬಂತು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ನಾವು ಮುಟ್ಟುವುದಿಲ್ಲ. ಅಂದು ಮಧ್ಯಾಹ್ನ ಒಂದು ಗಂಟೆಯೊಳಗೆ ಕಳಿಸಿ ಎಂದು ಎಲ್ಲರಿಗೂ ತಿಳಿಸಿದ್ದೆ. ಒಂದಕ್ಕೆ ಸರಿಯಾಗಿ ಪಟ್ಟಿ ಮುದ್ರಿಸಿ, ಸರ್ವರ್ ಆರಿಸಿ, ವೈರು ಕಿತ್ತು ಸುತ್ತಿಟ್ಟೆ. ಅಟೆಂಡರ್ ಬಸಮ್ಮ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದರು. ಬೀಗ ಹಾಕಿ ಕೀಲಿ ನಾನೇ ಒಯ್ದೆ. ಪಟ್ಟಿಯಲ್ಲಿ ಸಿರುಗುಪ್ಪದ ರೇಣುಕಾಳ ಹೆಸರಿನ ಮುಂದೆ ಮಾತ್ರ ಖಾಲಿ. ಆ ಅಸೈನ್‌ಮೆಂಟಿನ ಅಂಕವಿಲ್ಲದೆ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ.

ರಜೆ ಮುಗಿದ ಬೆಳಿಗ್ಗೆ, ನಾನು ಬೀಗ ತೆಗೆಯುವ ಮೊದಲೇ ರೇಣುಕಾ ಬಾಗಿಲಲ್ಲಿ ನಿಂತಿದ್ದಳು.

“ಸರ್, ಊರಾಗ ಸಿಗ್ನಲ್ ಇರಲಿಲ್ಲ. ಎರಡು ನಲವತ್ತಕ್ಕ ನೀರಿನ ಟ್ಯಾಂಕ್ ಹತ್ತಿ ಕಳಿಸೀನ್ರಿ.”

“ಸುಳ್ಳು ಹೇಳಬ್ಯಾಡವಾ. ಆಗ ಮಷೀನೇ ಬಂದ್ ಇತ್ತು.”

“ನಿಮ್ಮ ಮಷೀನಿಂದು ನನಗೇನು ಗೊತ್ತ್ರಿ. ನಂದು ಹೋಗೈತಿ. ತಗದು ನೋಡ್ರಿ.”

ಅವಳ ಬಾಯಿ ಮುಚ್ಚಿಸಲೆಂದೇ ಬೀಗ ತೆಗೆದೆ. ಹೂ ಬಾಡಿತ್ತು, ವೈರು ಸುತ್ತಿಟ್ಟ ಹಾಗೇ ಇತ್ತು. ಸರ್ವರ್ ಚಾಲೂ ಮಾಡಿದರೆ, ಅವಳ ಹೆಸರಿನ ಮುಂದೆ ಹನ್ನೊಂದು ಪುಟಗಳ ಬರಹ. ಆಯುಧಪೂಜೆಯ ದಿನ, ಮಧ್ಯಾಹ್ನ ಎರಡು ನಲವತ್ತು. ಈಗ ಕಳಿಸಿದಳೇನೋ ಎಂದರೆ, ಅವಳು ಕಳಿಸಿದ ಫೋನು ಅವಳ ಅಣ್ಣನದು, ಊರಲ್ಲೇ ಇತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟಕ್ಕೇ ಬಿಡುವ ಆಸಾಮಿ ನಾನಲ್ಲ. ಮೂರು ದಿನ ಜಾಲಾಡಿದೆ. ಸರ್ವರಿನ ಗಡಿಯಾರ ಸರಿಯಿತ್ತು. ಒಂದಕ್ಕೆ ಆರಿದ್ದು, ರಜೆ ಮುಗಿದ ಮೇಲೆ ಚಾಲೂ ಆದದ್ದು ದಾಖಲಾಗಿತ್ತು. ನಡುವೆ ಆ ಒಂದೇ ಸಾಲು. ಬಸಮ್ಮನಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. “ಕೈ ಮುಗದೀವಲ್ರಿ ಸರ್, ತಗಂಡಿರತೈತಿ” ಎಂದು ಕಸಬರಿಗೆ ಹಿಡಿದು ಹೋದರು.

ಪ್ರಾಂಶುಪಾಲರು ಮುದ್ರಿತ ಪಟ್ಟಿಯನ್ನೇ ಹಿಡಿದು ಕೂತರು. ನಾನು ‘ಬರಹ ಬಂದಿದೆ, ಹೊಣೆ ನನ್ನದು’ ಎಂದು ಬರೆದು ಸಹಿ ಹಾಕಿ, ಅವರು ಒಪ್ಪುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ರೇಣುಕಾ ಪರೀಕ್ಷೆ ಬರೆದಳು. ಸುಳ್ಳು ಹೇಳುತ್ತೀ ಎಂದಿದ್ದಕ್ಕೆ ಅವಳ ಕ್ಷಮೆ ಕೇಳಿದೆ.

ಹೇಗೆ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ಈಗಲೂ ಆಯುಧಪೂಜೆಯಂದು ಸರ್ವರ್ ಆರಿಸುತ್ತೇನೆ, ವೈರು ಕೀಳುತ್ತೇನೆ. ಪಟ್ಟಿಯನ್ನು ಮಾತ್ರ ರಜೆ ಮುಗಿದು, ಮತ್ತೆ ಚಾಲೂ ಮಾಡಿ ನೋಡಿದ ಮೇಲೆಯೇ ಮುದ್ರಿಸುತ್ತೇನೆ.