ಗೌರಿ ಮೆಚ್ಚಿದ ಕೆಂಪು ಮೊಲ

ನಾನು ಆರಿಸಿದ ಬಿಳಿ ಗಂಡುಮೊಲಕ್ಕೆ ತಂಗಿಯ ಮೊಲ ಗೌರಿ ಹಿಂಗಾಲಿನಿಂದ ಒದ್ದೇಬಿಟ್ಟಳು.

ಜನ ಬಿಟ್ಟುಹೋದ ಮೊಲಗಳನ್ನು ಸಾಕುತ್ತಿದ್ದ ಯಶವಂತನಗರದ ಶಾಂತಕ್ಕನ ಅಂಗಳವದು. ನಾನು ಗೂಡಿನ ಬಾಗಿಲು ಹಾಕಲು ಮರೆತಿದ್ದರಿಂದ ಗೌರಿಯ ಜೊತೆಗಿದ್ದ ಬಿಳಿ ಗಂಡುಮೊಲವನ್ನು ನಾಯಿ ಒಯ್ದಿತ್ತು. ಅಂದಿನಿಂದ ಗೌರಿ ಸರಿಯಾಗಿ ತಿನ್ನುತ್ತಿರಲಿಲ್ಲ, ತಂಗಿ ನನ್ನೊಡನೆ ಮಾತಾಡುತ್ತಿರಲಿಲ್ಲ. ಅದಕ್ಕೇ ಗೌರಿಗೆ ಹೊಸ ಜೋಡಿ ಹುಡುಕಲು ಇಬ್ಬರೂ ಅವಳನ್ನು ಬುಟ್ಟಿಯಲ್ಲಿ ತಂದಿದ್ದೆವು.

"ನೀ ಸುಮ್ನ ಕುಂದ್ರಪಾ. ಗಂಡ ಬೇಕಾಗಿರೋದು ಅಕಿಗೆ, ನಿನಗಲ್ಲ" ಎಂದರು ಶಾಂತಕ್ಕ.

ಗೌರಿ ರಸ್ತೆಬದಿಯ ಬೇಲಿ ಬಳಿಯಿದ್ದ ಕೆಂಪು ಮೊಲದ ಬಾಯಿಂದಲೇ ಮೆಂತ್ಯಸೊಪ್ಪು ಕಿತ್ತು ತಿಂದು, ಅದಕ್ಕೇ ಒರಗಿ ಕೂತಳು. ತಂಗಿ ಅದನ್ನು ದುಪಟ್ಟಾದಿಂದ ಒರೆಸಿದರೆ, ಕೆಂಪೆಲ್ಲ ಅದಿರು ಲಾರಿಗಳ ಧೂಳು. ಮೊಲ ಅಪ್ಪಟ ಬಿಳಿ!

"ಅಣ್ಣಾ, ಬುಟ್ಟಿ ಮುಚ್ಚಳಾನರ ಗಟ್ಟಿ ಹಾಕೋ" ಎಂದು ಎರಡೂ ಮೊಲಗಳನ್ನು ಬುಟ್ಟಿಗಿಡುತ್ತ ತಂಗಿ ಕೊನೆಗೂ ಬಾಯಿಬಿಟ್ಟಳು.

ಈಗ ಗೂಡಿನ ಬಾಗಿಲು ಹಾಕಿದ ಮೇಲೂ ಎಳೆದು ನೋಡುತ್ತೇನೆ. ಒಳಗಿನಿಂದ ಗೌರಿಯೂ ಮೂಗು ತಾಗಿಸಿ ನೋಡುತ್ತಾಳೆ. ನನ್ನ ಮೇಲೆ ಅವಳಿಗಿನ್ನೂ ನಂಬಿಕೆಯಿಲ್ಲ.