ತಗಡಿನ ಟೊಪ್ಪಿ

ಯಾವ ವಸ್ತು ಮಳೆಯಲ್ಲಿ ನೆನೆಯುತ್ತಿದ್ದರೂ ಪದ್ದುವಿಗೆ ಜೀವ ತಡೆಯದು. ಕೋಟದ ಬಸ್‌ಸ್ಟಾಪಿನ ಬಳಿ ಮೀನು ಮಾರುವಾಗ ತಾನು ನೆನೆದಾಳು, ಬುಟ್ಟಿಗೆ ಕೊಡೆ ಹಿಡಿದಾಳು. ಕಡಲ ಬದಿಯವರೇ ಹಾಗೆ ಬಿಡಿ. ಉಪ್ಪುಗಾಳಿ ಏನನ್ನೂ ಬಿಡುವುದಿಲ್ಲ, ಹಾಗಾಗಿ ಮಳೆಗಾಲ ಬಂದರೆ ಬೈಕಿಗೂ ಹೊದಿಕೆ, ಬಾವಿಯ ಪಂಪಿಗೂ ಹೊದಿಕೆ.

ಇಂಥವಳ ಮನೆಯೆದುರಿನ ಕಲ್ಲುದಂಡೆಯ ತುದಿಗೇ ಮೀನುಗಾರರ ಸಂಘದವರು ದೀಪದ ಕಂಬ ನೆಟ್ಟು, ಕೆಳಗೆ ರೂಟರ್ ಪೆಟ್ಟಿಗೆ ಕೂರಿಸಿದರು. ಹೊಳೆ ಕಡಲು ಸೇರುವ ಅಳಿವೆ ಶಾಂತವಿದ್ದರೆ ಹಸಿರು ದೀಪ, ಕೆರಳಿದರೆ ಕೆಂಪು. ಕೆಂಪು ಕಂಡ ದೋಣಿ ಒಳಗೆ ಬರಬಾರದು. ಬಣ್ಣ ಬದಲಿಸುವವನು ದೂರದ ಶೆಡ್ಡಿನಲ್ಲಿ ಕೂತ ಸಂಘದ ಹುಡುಗ ರತನ್, ತನ್ನ ಮೊಬೈಲಿನಿಂದ ಆ ಪೆಟ್ಟಿಗೆಗೆ ಸಿಗ್ನಲ್ ಕಳಿಸಿ. ‘ಮಳೆಗೂ ಉಪ್ಪಿಗೂ ಜಗ್ಗದ ಪೆಟ್ಟಿಗೆ ಇದು, ಯಾರೂ ಮುಟ್ಟಬೇಡಿ’ ಎಂದು ಕೂರಿಸಿದವರು ಸಾರಿ ಸಾರಿ ಹೇಳಿದ್ದರು. ಪದ್ದು ಕೇಳಬೇಕಲ್ಲ! ಮೊದಲ ಮಳೆಗೇ ತಗಡು ಬಗ್ಗಿಸಿ, ಪೆಟ್ಟಿಗೆಗೆ ಸುತ್ತಲೂ ಟೊಪ್ಪಿ ಹೊದಿಸಿ, ಬಲೆಯ ಹಗ್ಗದಿಂದ ಬಿಗಿದಳು. ಯಾರಿಗೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಪಡುವಣದಲ್ಲಿ ಆಕಾಶ ಕಪ್ಪಾಯಿತು. ಅಳಿವೆಯ ಬಾಯಲ್ಲಿ ತೆರೆ ಮಗುಚತೊಡಗಿತು. ಪದ್ದುವಿನ ಗಂಡ ಚಂದ್ರ ಮುಂಜಾನೆಯೇ ನಾಡದೋಣಿಯಲ್ಲಿ ಹೋಗಿದ್ದ. ಅಷ್ಟರಲ್ಲಿ ಅಂಗಳದಲ್ಲಿದ್ದ ಅವಳಿಗೆ ರತನನ ಫೋನ್ ಬಂತು.

“ಹ್ವಾಯ್ ಪದ್ದಕ್ಕಾ, ಕಂಬಕ್ಕೆ ಎಂತ ಆಯ್ತ್ ಕಾಣಿ! ಕೆಂಪ್ ಮಾಡ್ರೆ ಆತಿಲ್ಲ. ಪೆಟ್ಗಿಗೆ ಸಿಗ್ನಲೇ ಇಲ್ಲ!”

“ಮಳಿ ನೀರ್ ಹೊಕ್ತಾ ಎಂತ? ತಗಡ್ ಹೊದ್ಸಿದ್ನಲ್ಲ ಮಾರಾಯ!”

“ತಗ್ಡಾ? ಅಯ್ಯೋ, ತೆಗಿರಿ ಅದನ್! ಅದ್ರೊಳ್ಗೆ ಸಿಗ್ನಲ್ ಹ್ಯಾಂಗ್ ಬತ್ತ್?”

ಪದ್ದು ತಲೆಯೆತ್ತಿ ನೋಡಿದಳು. ಕಂಬದ ಮೇಲೆ ಹಸಿರು ದೀಪ ಬಾ ಬಾ ಎನ್ನುತ್ತಿತ್ತು. ಆಚೆ ತೆರೆಗಳ ಹಿಂದೆ ನೀಲಿ ಬಣ್ಣದ ದೋಣಿಯೊಂದು ಏಳುತ್ತ ಬೀಳುತ್ತ ಇತ್ತಲೇ ಬರುತ್ತಿತ್ತು. ಆ ನೀಲಿ ಬಳಿದವಳು ಅವಳೇ.

ಮೀನುಕತ್ತಿ ಹಿಡಿದು ಓಡಿದಳು. ಪಾಚಿಗಲ್ಲಿನ ಮೇಲೆ ಎರಡು ಸಲ ಬಿದ್ದಳು. ತೆರೆ ಕಲ್ಲಿಗೆ ಬಡಿದು ಮೈಮೇಲೆ ಬಂತು. ಹಗ್ಗ ನೆನೆದು ಗಂಟು ಕಲ್ಲಾಗಿತ್ತು. ಹಾಳಾದವಳು, ಗಂಟು ಹಾಕುವುದರಲ್ಲಿ ಮಾತ್ರ ಎತ್ತಿದ ಕೈ! ಕೊಯ್ದಳು, ಶಪಿಸಿದಳು, ತನ್ನನ್ನೇ ಬೈದುಕೊಂಡಳು. ಕೊನೆಗೆ ಎರಡೂ ಕೈಯಿಂದ ತಗಡನ್ನು ಕಿತ್ತು ನೀರಿಗೆಸೆದಳು. ಅಂಗೈ ಸೀಳಿ ರಕ್ತ ಇಳಿಯಿತು.

ದೀಪ ಹಸಿರೇ ಇತ್ತು.

ದೋಣಿ ಇನ್ನೂ ಹತ್ತಿರವಾಯಿತು. ದೋಣಿಯ ಮೂತಿಯಲ್ಲಿ ನಿಂತವನ ಅಂಗಿಯೂ ಕಂಡಿತು. “ಬರ್ಬೇಡಿ!” ಎಂದು ಕಿರುಚಿದಳು, ಆ ಗಾಳಿಗೆ ಅವಳ ದನಿ ಅವಳಿಗೇ ಕೇಳಲಿಲ್ಲ.

ಆಗ ದೀಪ ಕೆಂಪಾಯಿತು.

ದೋಣಿ ಅಲ್ಲೇ ಒಮ್ಮೆ ವಾಲಿ, ಮೂತಿ ತಿರುಗಿಸಿ, ಬೇರೆ ಬಂದರಿನ ಕಡೆ ಹೊರಟಿತು. ಪದ್ದು ಕಂಬ ತಬ್ಬಿಕೊಂಡು ಕುಸಿದಳು.

ಸಂಜೆ ಚಂದ್ರ ಬಸ್ಸಿನಲ್ಲಿ ಮನೆಗೆ ಬಂದ. ಚಾ ಕುಡಿಯುತ್ತ ಕಿಟಕಿಯಾಚೆ ನೋಡಿದ. ಸುರಿಯುವ ಮಳೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು.

“ಇವತ್ ಆ ಪೆಟ್ಗಿ ನಮ್ ಜೀವ ಉಳ್ಸಿತ್ ಕಾಣ್. ಪಾಪ, ಮಳ್ಯಗೆ ನೆನಿತಾ ಇತ್ತ್. ನಾಳೆ ಅದಕ್ಕೊಂದ್ ತಗಡ್ ಹೊದ್ಸ್ವಾ?”

ಬಟ್ಟೆ ಸುತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ಪದ್ದು ಗೊಳೋ ಎಂದು ಅತ್ತುಬಿಟ್ಟಳು.