ಅಪ್ಪ ತೀರಿಕೊಂಡ ಪ್ರಬಂಧ

ಮುಲುಂಡಿನ ಒಂದು ಶಾಲೆಯಲ್ಲಿ ನಾನು ಹನ್ನೆರಡನೆಯ ತರಗತಿಯವರಿಗೆ ಕಾಲೇಜು ಮಟ್ಟದ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ, ಜೊತೆಗೆ ಬ್ರಿಟಿಷ್ ಸಾಹಿತ್ಯ. ಧಾರವಾಡದಲ್ಲಿ ಓದಿ ಬಂದವಳು ಮುಂಬೈ ಮಕ್ಕಳಿಗೆ ಇಂಗ್ಲೆಂಡಿನ ಮಂಜು, ಚಳಿ, ಕುದುರೆಗಾಡಿ ವರ್ಣಿಸುವುದೇ ಒಂದು ತಮಾಷೆ. ಅವನ್ನು ನಾನೂ ನೋಡಿಲ್ಲ, ಅವರೂ ನೋಡಿಲ್ಲ. ಆದರೂ ತರಗತಿ ನಡೆಯುತ್ತದೆ. ಹೇಗೆ ಎಂದು ಮಾತ್ರ ಕೇಳಬೇಡಿ.

ಆ ವರ್ಷ ಹಳೆಯ ಕಾದಂಬರಿಗಳ ಪಾಠ ಮಾಡುವಾಗ ಒಂದು ಮಾತು ಹೇಳಿದ್ದೆ. "ಗಮನಿಸಿ, ಈ ಪುಸ್ತಕಗಳಲ್ಲಿ ಅಪ್ಪ ಸಾಯದೆ ಮಗಳ ಕತೆ ಶುರುವಾಗುವುದೇ ಇಲ್ಲ. ಅವನು ಇರುವ ತನಕ ಅವಳು ತಾನಾಗಿ ಏನೂ ಮಾಡುವ ಹಾಗಿಲ್ಲ." ತರಗತಿ ನಕ್ಕಿತು. ನನಗೂ ನನ್ನ ಮಾತು ಭಾರೀ ಇಷ್ಟವಾಯಿತು. ಆ ವಾರವೇ ಬರವಣಿಗೆಯ ತರಗತಿಯಲ್ಲಿ, ನಿಮ್ಮ ಬದುಕಿನಿಂದ ಒಂದು ಪ್ರಬಂಧ ಬರೆದು ತನ್ನಿ ಎಂದೆ. ಇವೆರಡಕ್ಕೂ ಸಂಬಂಧವಿದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರೆದವಳು, ಭಾಂಡುಪ್ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿರುವ ಉಡುಪಿ ಕಡೆಯವರ ಮಗಳು. ತರಗತಿಯಲ್ಲಿ ಬಾಯೇ ಬಿಡದವಳು. ಅವಳ ಪ್ರಬಂಧದಲ್ಲಿ ಅಪ್ಪ ತೀರಿಕೊಂಡಿದ್ದರು. ಉತ್ತರಕ್ರಿಯೆ ಮುಗಿದ ಮರುದಿನ ಮಗಳು ಹೋಟೆಲಿಗೆ ಹೋಗಿ ಗಲ್ಲೆಯಲ್ಲಿ, ಅಂದರೆ ಅಪ್ಪ ದುಡ್ಡು ತೆಗೆದುಕೊಳ್ಳುತ್ತಿದ್ದ ಜಾಗದಲ್ಲಿ, ಕೂರುತ್ತಾಳೆ. ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತದೆ: ಚಟ್ನಿ ಬಕೆಟ್ ಖಾಲಿಯಾಗುತ್ತಿರುವುದು, ಕೈತೊಳೆಯುವಲ್ಲಿ ನೀರು ಹೋಗದೆ ನಿಂತಿರುವುದು, ಲೋಕಲ್ ರೈಲು ತಪ್ಪಿಸಿಕೊಂಡವನೊಬ್ಬ ಆರಿದ ಕಾಫಿ ಹಿಡಿದು ಕೂತಿರುವುದು. ಅಳು ಎಲ್ಲೂ ಇರಲಿಲ್ಲ. ಅದಕ್ಕೇ ನಾನು ಅತ್ತೆ. ಕುರ್ಲಾದ ಮನೆಗೆ ಮರಳುವಾಗ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಕ್ಲಿಪ್ಪು ಮಾರುವ ಹೆಂಗಸು ನಿಂತು ನೋಡುವ ಹಾಗೆ ಅತ್ತೆ. ಯಾರಿಗೂ ಕೊಡದಷ್ಟು ಅಂಕ ಕೊಟ್ಟೆ.

ಅಂದಿನಿಂದ ಅವಳ ಜೊತೆ ಮೆತ್ತಗೆ ಮಾತಾಡತೊಡಗಿದೆ. ಹೋಮ್‌ವರ್ಕ್ ತಡವಾದರೂ ಬೈಯಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವೇ ತಗೋ ಎಂದು ಸಿಕ್ಕಾಗಲೆಲ್ಲ ಹೇಳಿದೆ. ಇವರಿಗೇನಾಗಿದೆ ಎಂಬಂತೆ ಅವಳು ನನ್ನನ್ನು ನೋಡುತ್ತಿದ್ದಳು.

ಪೇರೆಂಟ್ಸ್ ಮೀಟಿಂಗ್ ದಿನ ಅವಳ ಜೊತೆ ಬಿಳಿ ಅಂಗಿಯವರೊಬ್ಬರು ಬಂದು ಎದುರಿಗೆ ಕೂತರು.

"ನೀವು ಈಕಿ ಕಾಕಾ ಏನ್ರೀ?" ಎಂದೆ.

"ಅಲ್ಲ ಟೀಚರೇ, ನಾನು ಅಪ್ಪ."

ತೀರಿಕೊಂಡವರು ಫ್ಯಾನಿನ ಕೆಳಗೆ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಹುಡುಗಿಯ ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇಲ್ಲ. ನನಗೆ ಸಿಟ್ಟು ಬರಬೇಕೋ ಸಮಾಧಾನವಾಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಡಬ್ಬಿಯಲ್ಲಿ ಎಲ್ಲರೆದುರು ಅತ್ತಿದ್ದೆನಲ್ಲ, ಅದನ್ನು ಯಾರಿಗೆ ಹೇಳಲಿ?

"ಒಂದು ವಿಷಯ ಕೇಳ್ಲಿಕ್ಕೆ ಬಂದದ್ದು ಟೀಚರೇ," ಎಂದರು. "ಇವಳು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವೇ ತಗೊಳ್ಬೇಕು ಅಂತ ಎಲ್ಲರೂ ಹೇಳ್ತಾರಂತೆ. ನಾನು ಕಾಮರ್ಸ್ ಅಂತ ಇದ್ದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಫಸ್ಟ್ ಬಂದ ಪ್ರಬಂಧ ಉಂಟಲ್ಲ, ಅದನ್ನು ಕನ್ನಡದಲ್ಲಿ ಹೇಳಿ. ಕೇಳಿ ಆಮೇಲೆ ಡಿಸೈಡ್ ಮಾಡ್ತೇನೆ."

ಎಲ್ಲರೂ ಎಂದರೆ ನಾನೇ. ಪ್ರಬಂಧ ಮೇಜಿನ ಮೇಲೇ ಇತ್ತು. ಅವಳ ಮುಂದಿನ ಓದೆಲ್ಲ ಅದರ ಮೇಲೆ ನಿಂತಿತ್ತು, ಅದನ್ನು ಕೇಳಬೇಕಾದವರು ಅದರ ಮೊದಲ ಸಾಲಿನಲ್ಲೇ ಸತ್ತಿದ್ದರು. ಬೇರೇನೂ ಹೊಳೆಯದೆ ಅದನ್ನು ಕೈಗೆತ್ತಿಕೊಂಡು ಹೀಗೆ ಶುರುಮಾಡಿದೆ: "ಅಜ್ಜ ತೀರಿಕೊಂಡ ಮ್ಯಾಲೆ ಈಕಿ ಹೋಟೆಲ್‌ಗೆ ಹೋಗತಾಳ್ರೀ..."

"ಅಜ್ಜ ಅಲ್ಲ ಮಿಸ್," ಎಂದಳು ಹುಡುಗಿ. ಅವಳ ಕನ್ನಡ ತಡವರಿಸುತ್ತಿತ್ತು. "ಪಪ್ಪ. ನಾನು ಪಪ್ಪ ಅಂತ ಬರ್ದಿದ್ದೇನೆ. ಚೇಂಜ್ ಮಾಡ್ಬೇಡಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವರು ಮಗಳ ಕಡೆ ತಿರುಗಿದರು.

"ನಾನು ಸತ್ತದ್ದಾ?"

"ಹೂಂ. ಸ್ಟೋರಿಯಲ್ಲಿ."

"ಎಂತಕ್ಕೆ?"

"ಮಿಸ್ ಹೇಳಿದ್ರು, ಪಪ್ಪ ಇರುವಾಗ ಹುಡುಗಿಯ ಕತೆ ಶುರು ಆಗುದಿಲ್ಲ ಅಂತ. ನನಗೆ ಗಲ್ಲೆಯಲ್ಲಿ ಕೂರ್ಬೇಕಿತ್ತು. ನೀವು ಇದ್ರೆ ಹೇಗೆ ಕೂರೂದು?"

ಈಗ ಅವರು ಮಗಳನ್ನು ಬಿಟ್ಟು ನನ್ನನ್ನು ನೋಡಿದರು. ನಾನು ಹೇಳಿದ್ದು ಹಳೆಯ ಕಾಲದ ಇಂಗ್ಲೆಂಡಿನ ಬಗ್ಗೆ, ಭಾಂಡುಪಿನ ಬಗ್ಗೆ ಅಲ್ಲ ಎನ್ನಲು ಹೊರಟೆ. ಆದರೆ ಭಾಂಡುಪಿನ ಬಗ್ಗೆ ಅಲ್ಲವೆಂದು ನನಗೇ ಖಾತ್ರಿಯಿರಲಿಲ್ಲ.

"ಕೂರ್ಬೇಕು ಅಂತಿದ್ರೆ ಕೇಳಬಹುದಿತ್ತಲ್ಲ ಮಾರಾಯ್ತಿ," ಎಂದರು ಅಪ್ಪ. "ನನ್ನನ್ನು ಕೊಲ್ಲಬೇಕಿತ್ತಾ?"

"ಕೇಳಿದ್ದೆ. ದೀಪಾವಳಿಗೆ. ನೀವು ನಕ್ಕಿರಿ."

ನಾನು ಕೈಯಲ್ಲಿದ್ದ ಹಾಳೆ ನೋಡಿದೆ. ಅಂಚಿನಲ್ಲಿ ನನ್ನದೇ ಕೆಂಪು ಅಕ್ಷರ: ದುಃಖ ಎಷ್ಟು ಸಂಯಮದಿಂದ ಬಂದಿದೆ! ದುಃಖವೆಲ್ಲಿತ್ತು? ಇದ್ದದ್ದು ಆಸೆ. ಇವಳಿಗೆ ಸಾಹಿತ್ಯ ಓದುವ ಮನಸ್ಸಿದೆಯೋ, ಹೋಟೆಲ್ ನಡೆಸುವ ಮನಸ್ಸಿದೆಯೋ? ಇಷ್ಟು ದಿನ ಯಾರ ಪರವಾಗಿ ವಾದಿಸುತ್ತಿದ್ದೆ ನಾನು? ಒಂದೂ ತಲೆಗೆ ಹತ್ತಲಿಲ್ಲ.

"ಇಡೀ ಓದಿ ಟೀಚರೇ," ಎಂದರು. "ಎಂತದೂ ಬಿಡಬೇಡಿ."

ಬಿಡದೆ ಹೇಳಿದೆ. ತಮ್ಮ ಉತ್ತರಕ್ರಿಯೆಯ ಊಟದ ವಿವರವನ್ನು ಅವರು ಯಾರದೋ ಮದುವೆಯ ಸುದ್ದಿಯ ಹಾಗೆ ಕೇಳಿದರು. ಚಟ್ನಿ ಬಕೆಟ್ ಬಂದಾಗ ತಲೆಯಾಡಿಸಿದರು. ನೀರು ನಿಂತ ಜಾಗ ಬಂದಾಗ, "ಹೌದು, ಅದು ರಿಪೇರಿ ಮಾಡಿಸ್ಲಿಕ್ಕುಂಟು," ಎಂದರು. ಕೊನೆಯಲ್ಲಿ ಮೊದಲ ಗಿರಾಕಿ ನೋಟು ಚಾಚುತ್ತಾನೆ, ಅವಳು ಕೈ ಮುಂದೆ ಮಾಡುತ್ತಾಳೆ. ನಾನು ಹಾಳೆ ಕೆಳಗಿಟ್ಟೆ.

"ಮತ್ತೆ?"

"ಅಷ್ಟೇ ರೀ. ಮುಗೀತು."

"ಮುಗೀತಾ? ನಾನು ಹೋದ ಮೇಲೆ ಹೋಟೆಲ್ ನಡೀತದಾ ಇಲ್ವಾ? ಅದೇ ಬರೀಲಿಲ್ವಾ?"

ಮುಕ್ತ ಅಂತ್ಯ ಬಹಳ ಚೆಂದ ಎಂದು ಅಲ್ಲೂ ನಾನು ಕೆಂಪಿನಲ್ಲಿ ಹೊಗಳಿದ್ದೆ. ಉತ್ತರ ಸಿಕ್ಕೀತೇನೋ ಎಂದು ಸುಮ್ಮನೆ ಹಾಳೆ ತಿರುಗಿಸಿದೆ. ಆದರೆ ಅವರು ಕೇಳಿದ್ದು ನನ್ನನ್ನಲ್ಲ. ಮಗಳನ್ನು ನೋಡುತ್ತಿದ್ದರು, ಕಣ್ಣು ಒದ್ದೆಯಾಗಿತ್ತು.

"ಕಲಿಸಿದ್ರೆ ನಡೀತದೆ," ಎಂದಳು ಅವಳು.

ಅವರು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ, "ಭಾನುವಾರ ಬೆಳಿಗ್ಗೆ ಬೇಗ ಏಳು, ಶಟರ್ ತೆಗೀಲಿಕ್ಕೆ ಹೋಗುವ," ಎಂದು ಎದ್ದು ನಿಂತರು. ಇಂಗ್ಲಿಷೋ ಕಾಮರ್ಸೋ ಎಂಬುದನ್ನು ಇಬ್ಬರೂ ಮರೆತೇಬಿಟ್ಟಿದ್ದರು. ನೆನಪಿಸಬೇಕೋ ಬಾರದೋ ತಿಳಿಯದೆ, ನಾನು ಪ್ರಬಂಧ ಹಿಡಿದುಕೊಂಡೇ ಕೂತಿದ್ದೆ.